ಟಿಕೆಟ್ಟು ಪುಕ್ಕಟೆಯಾದ ಮೇಲೆ ಬಾಣಂತಿಯ ದಾರಿ

ಹೆರಿಗೆಯಾದ ಹೆಣ್ಣುಮಗಳಿಗೆ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣ ಕೊಡಬೇಕೆ ಎಂದು ಬೇರೆಲ್ಲಾದರೂ ಕೇಳಿದರೆ ಪರ-ವಿರೋಧದ ವಾದವನ್ನು ಮೊದಲಿನಿಂದ ಹೂಡಬೇಕಾಗುತ್ತದೆ. ಕರ್ನಾಟಕದಲ್ಲಿ ಹಾಗಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ದಿನವೇ, ಯಾರೂ ಬೇರೆಯಾಗಿ ಕೇಳದಿದ್ದರೂ, ಇದಕ್ಕೆ ಉತ್ತರ ಸಿಕ್ಕಿಬಿಟ್ಟಿತು. ಐಷಾರಾಮಿ ಬಸ್ಸು ಬಿಟ್ಟು ಉಳಿದ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಎಲ್ಲ ಹೆಣ್ಣುಮಕ್ಕಳಿಗೂ ಶೂನ್ಯ ಟಿಕೆಟ್ಟು. ಅವರಲ್ಲಿ ಬಾಣಂತಿಯೂ ಒಬ್ಬಳು. 2025ರ ಜುಲೈ ಹೊತ್ತಿಗೆ ಇಂಥ ಟಿಕೆಟ್ಟುಗಳ ಲೆಕ್ಕ 500 ಕೋಟಿ ಮುಟ್ಟಿತು. ಹಾಗಿದ್ದೂ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕಡೆ ಹೆತ್ತು ಎಂಟು ದಿನವಾದವಳೊಬ್ಬಳು ಹೊಲಿಗೆ ತೋರಿಸಲು ಆಸ್ಪತ್ರೆಗೆ ಹೇಗೆ ಹೋಗಿಬರುತ್ತಾಳೆ ಎಂದು ವಿಚಾರಿಸಿದರೆ ಬಸ್ಸಿನ ಹೆಸರು ಬರುವುದು ಕಡಿಮೆ. ಬರುವುದು ಗಂಡನ ಬೈಕು, ಅಣ್ಣನ ಟಂಟಂ, ಬಾಡಿಗೆ ಕ್ರೂಸರು. ನನ್ನ ವಾದ ಹುಟ್ಟುವುದು ಇಲ್ಲಿಂದಲೇ. ಬಾಣಂತಿಯ ಪ್ರಯಾಣದಲ್ಲಿ ಬಸ್ ಚಾರ್ಜು ಯಾವತ್ತೂ ಅತಿ ಸಣ್ಣ ಖರ್ಚಾಗಿತ್ತು. ಅದನ್ನು ಮಾಫಿ ಮಾಡಿದ್ದು ಸರಿ, ಅದು ಉಳಿಯಲೂ ಬೇಕು. ಆದರೆ ಅವಳಿಗೆ ಸಲ್ಲಬೇಕಾದದ್ದು ಮನೆಯ ಬಾಗಿಲಿಂದ ಆಸ್ಪತ್ರೆಯ ಬಾಗಿಲವರೆಗಿನ ದಾರಿ. ಆ ದಾರಿಯ ಒಂದು ತುಂಡನ್ನಷ್ಟೇ ಸರ್ಕಾರ ಈವರೆಗೆ ಪುಕ್ಕಟೆ ಮಾಡಿದೆ.

ಕಾಗದದ ಮೇಲೆ ಏನೇನು ಇದೆ ಎಂಬುದನ್ನು ಮೊದಲು ನೋಡೋಣ, ಇರುವುದೇನೂ ಕಡಿಮೆಯಲ್ಲ. 2008ರ ನವೆಂಬರ್ 1ರಿಂದ ರಾಜ್ಯದಲ್ಲಿ 108 ಆಂಬುಲೆನ್ಸ್ ಓಡುತ್ತಿದೆ. 2011ರ ಜೂನ್‌ನಲ್ಲಿ ಕೇಂದ್ರ ಸರ್ಕಾರದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರುವ ಪ್ರತಿಯೊಬ್ಬಳಿಗೂ ಮೂರು ಪ್ರಯಾಣ ಪುಕ್ಕಟೆ ಎಂದು ಅದು ಹೇಳಿತು: ಮನೆಯಿಂದ ಆಸ್ಪತ್ರೆಗೆ, ಗಂಭೀರವಾದರೆ ಆ ಆಸ್ಪತ್ರೆಯಿಂದ ದೊಡ್ಡ ಆಸ್ಪತ್ರೆಗೆ, ಹೆರಿಗೆಯ ನಂತರ ಮರಳಿ ಮನೆಗೆ. ಕೊನೆಯದಕ್ಕೆ ಕರ್ನಾಟಕದಲ್ಲಿ ‘ನಗು-ಮಗು’ ಎಂಬ ಹೆಸರಿನ ವಾಹನಗಳು ಬಂದವು. 2014ರಲ್ಲಿ ಇದೇ ಕಾರ್ಯಕ್ರಮವನ್ನು ಕಾಯಿಲೆಬಿದ್ದ ಕೂಸಿಗೆ ಒಂದು ವರ್ಷ ತುಂಬುವವರೆಗೂ ಹಿಗ್ಗಿಸಲಾಯಿತು. ಅಂದರೆ ಏಳು ತಿಂಗಳ ಮಗುವಿಗೆ ನ್ಯುಮೋನಿಯಾ ಆದರೂ ಸರ್ಕಾರಿ ಆಸ್ಪತ್ರೆಗೆ ಒಯ್ಯುವ ವಾಹನದ ಖರ್ಚು ಸರ್ಕಾರದ್ದೇ. ಇದು ಗೊತ್ತಿರುವ ತಾಯಂದಿರು ಎಷ್ಟು ಜನ ಎಂಬುದು ಬೇರೆ ಮಾತು. ಇವುಗಳ ಮೇಲೆ 2023ರ ಶಕ್ತಿ. ಹೀಗೆ ಜೋಡಿಸಿಟ್ಟರೆ ಬಾಣಂತಿಗೆ ಎಲ್ಲ ದಾರಿಯೂ ತೆರೆದಂತೆ ಕಾಣುತ್ತದೆ. ದಿನಗಳ ಲೆಕ್ಕ ಹಾಕಿದಾಗಲೇ ನಡುವಿನ ಕಂದಕ ಕಾಣುವುದು. ನಗು-ಮಗು ಬಾಣಂತಿಯನ್ನು ಮನೆಗೆ ಬಿಟ್ಟುಬರುವುದು ಸಹಜ ಹೆರಿಗೆಯಾದರೆ ಎರಡು ಮೂರು ದಿನಕ್ಕೆ, ಸಿಸೇರಿಯನ್ ಆಗಿದ್ದರೆ ಸುಮಾರು ವಾರಕ್ಕೆ. ಬಸ್ಸಿನ ಮೆಟ್ಟಿಲು ಹತ್ತಿ, ಕೂಸು ಎತ್ತಿಕೊಂಡು ಕಂಬ ಹಿಡಿದು ನಿಲ್ಲುವ ತ್ರಾಣ ಬರಲು ಅವಳಿಗೆ ತಿಂಗಳ ಮೇಲೆ ಬೇಕು. ಆ ನಡುವಿನ ವಾರಗಳಲ್ಲೇ ಹೊಲಿಗೆ, ಜ್ವರ, ಎದೆಬಾವು, ಕೂಸಿನ ಕಾಮಾಲೆ, ಆರನೇ ವಾರದ ಲಸಿಕೆ ಎಲ್ಲ ಬರುತ್ತವೆ. ಹೆರಿಗೆಯ ನಂತರ ಮೊದಲ ದಿನ, ಮೂರನೇ ದಿನದ ಸುಮಾರಿಗೆ, ಎರಡನೇ ವಾರದೊಳಗೆ, ಮತ್ತೆ ಆರನೇ ವಾರದಲ್ಲಿ ತಾಯಿ-ಮಗುವನ್ನು ನೋಡಲೇಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದಕ್ಕೇ. ಆಂಬುಲೆನ್ಸ್ ಬಿಟ್ಟುಹೋದ ಮೇಲೆ, ಬಸ್ಸು ಹತ್ತಲು ಆಗುವ ಮೊದಲು ಇರುವ ಈ ಅವಧಿಯಲ್ಲಿ ತಾಯಿಯ ಮಾಮೂಲಿ ತಪಾಸಣೆಯ ಓಡಾಟಕ್ಕೆ ಯಾವ ಯೋಜನೆಯೂ ಒಡೆಯನಲ್ಲ.

ಈ ನಾಲ್ಕು ಊರುಗಳ ನೆಲ ಆ ಕಂದಕವನ್ನು ಇನ್ನಷ್ಟು ಆಳ ಮಾಡುತ್ತದೆ. ಬಾಗಲಕೋಟೆ-ಕುಡಚಿ ರೈಲು ಮಾರ್ಗದ ಕೆಲಸಕ್ಕೆ ಮಂಜೂರಾತಿ ಸಿಕ್ಕು ಒಂದೂವರೆ ದಶಕ ಆಗುತ್ತ ಬಂದರೂ ರೈಲು ಇಲ್ಲಿಯ ಜನಕ್ಕೆ ಇನ್ನೂ ನಿರೀಕ್ಷೆಯ ಮಾತೇ. ಸಾರ್ವಜನಿಕ ಸಾರಿಗೆ ಎಂದರೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೆಂಪು ಬಸ್ಸು, ಅಷ್ಟೇ. ಬಸ್ಸು ಊರಿಂದೂರಿಗೆ ಓಡುತ್ತದೆ. ಜನ ಇರುವುದು ಊರಲ್ಲಲ್ಲ. ಕೃಷ್ಣಾ, ಘಟಪ್ರಭಾ ದಂಡೆಯ ಈ ಸೀಮೆಯಲ್ಲಿ ನೀರು ಬಂದ ಕಡೆಯೆಲ್ಲ ಕಬ್ಬು ಬಂತು, ಕಬ್ಬು ಬಂದ ಕಡೆ ರೈತ ಹೊಲದಲ್ಲೇ ಮನೆ ಕಟ್ಟಿದ. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ದುಡ್ಡು ಕೂಡಿಸಿ, ಮೈಮುರಿದು ಕಟ್ಟಿದ ಶ್ರಮಬಿಂದು ಸಾಗರ ಬ್ಯಾರೇಜು ನಾಡಿಗೆಲ್ಲ ಹೆಸರಾದದ್ದು. ಸರ್ಕಾರಕ್ಕೆ ಕಾಯದೆ ನೀರು ತಂದುಕೊಂಡ ಜನ ಇವರು. ಆ ನೀರಿನ ಜೊತೆಗೆ ಬೆಳೆದ ತೋಟದ ವಸ್ತಿಗಳಿಗೆ ಬಸ್ಸು ಮಾತ್ರ ಇಂದಿಗೂ ಬರುವುದಿಲ್ಲ. ವಸ್ತಿಯಿಂದ ಡಾಂಬರು ರಸ್ತೆಯ ಕ್ರಾಸಿನವರೆಗೆ ಕಬ್ಬಿನ ಗದ್ದೆಗಳ ನಡುವಿನ ಚಕ್ಕಡಿ ದಾರಿ. ಎರೆಮಣ್ಣು ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಂಡು ಹೆಜ್ಜೆ ಕೀಳಲು ಬಿಡುವುದಿಲ್ಲ. ಹೊಲಿಗೆ ಹಸಿ ಇರುವಾಗ ಈ ದಾರಿ ನಡೆಯುವುದು ಆಗದ ಮಾತು. ಹಾಗಾಗಿ ಬೈಕು. ಗಂಡ ಮುಂದೆ, ನಡುವೆ ಕುಂಚಿಗೆ ಹೊದಿಸಿದ ಕೂಸನ್ನು ಮಡಿಲಲ್ಲಿಟ್ಟುಕೊಂಡು ಒಂದೇ ಬದಿಗೆ ಕಾಲು ಹಾಕಿ ಕೂತ ಬಾಣಂತಿ, ಜಾಗ ಉಳಿದರೆ ಹಿಂದೆ ಅತ್ತೆ. ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮು ದೀಪಾವಳಿಯ ಆಸುಪಾಸಿಗೆ ಶುರುವಾದರೆ ಬೇಸಿಗೆಯವರೆಗೆ ನಡೆಯುತ್ತದೆ. ಆ ತಿಂಗಳುಗಳಲ್ಲಿ ಮುಧೋಳ-ಜಮಖಂಡಿ ರಸ್ತೆಯ ಮೇಲೆ ಎರಡೆರಡು ಟ್ರಾಲಿ ಕಟ್ಟಿ, ಅಗಲಕ್ಕೂ ಎತ್ತರಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಹಿಂದೆ ಕೆಂಪು ದೀಪವಿಲ್ಲದವೂ ಉಂಟು. ಎಂಟು ದಿನದ ಬಾಣಂತಿ ಹೋಗಬೇಕಾದ ರಸ್ತೆ ಇದು. ಬೇಸಿಗೆ ಕಳೆದು ಮಹಾರಾಷ್ಟ್ರದಲ್ಲಿ ಮಳೆ ಜೋರಾದರೆ ನದಿ ಸೇತುವೆಗಳ ಮೇಲೆ ಹರಿಯುತ್ತದೆ. 2019ರ ಆಗಸ್ಟ್‌ನ ಪ್ರವಾಹದಲ್ಲಿ ಕೃಷ್ಣಾ ಮತ್ತು ಘಟಪ್ರಭಾ ಎರಡೂ ಉಕ್ಕಿದಾಗ ಇಲ್ಲಿಯ ಎಷ್ಟೋ ಹಳ್ಳಿಗಳ ಸಂಪರ್ಕ ಕಡಿದುಹೋಗಿತ್ತು. ಬೀಳಗಿ ತಾಲ್ಲೂಕಿನ ಕಥೆ ಇನ್ನೊಂದು ಬಗೆಯದು. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟವರು ಪುನರ್ವಸತಿ ಕೇಂದ್ರಗಳಲ್ಲಿದ್ದಾರೆ. ಊರು ಬದಲಾಯಿತು, ಆದರೆ ಹೊಲ, ಸಂತೆ, ಆಸ್ಪತ್ರೆ, ಬಸ್ಸಿನ ವೇಳೆ ಇವೆಲ್ಲ ಹೊಸ ಊರಿಗೆ ಒಟ್ಟಿಗೆ ಹೊಂದಿಕೊಂಡಿಲ್ಲ.

ರಬಕವಿ-ಬನಹಟ್ಟಿಯಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ಓಣಿಗೂ ಆಸ್ಪತ್ರೆಗೂ ದೂರವೇನಿಲ್ಲ. ನಗರ ಬಸ್ಸಿನ ಗೊಡವೆಯೂ ಇಲ್ಲ. ನಡೆದುಹೋಗಬಹುದು, ಇಲ್ಲವೆಂದರೆ ಆಟೊ. ಇಲ್ಲಿ ಪ್ರಯಾಣ ತಿನ್ನುವುದು ರೊಕ್ಕವನ್ನಲ್ಲ, ಹೊತ್ತನ್ನು. ಪವರ್‌ಲೂಮು ನಡೆಸುವ ಮನೆಯಲ್ಲಿ ಗಂಡ ಮಗ್ಗದ ಮುಂದೆ, ಹೆಂಡತಿ ಕಂಡಿಕೆ ಸುತ್ತುತ್ತ. ಕೂಲಿ ನೇಯ್ದ ಸೀರೆಯ ಲೆಕ್ಕದಲ್ಲಿ. ಕೂಸಿಗೆ ಲಸಿಕೆ ಹಾಕಿಸಲು ಒಂದು ಮುಂಜಾನೆ ಹೋದರೆ ಅವಳ ಕೆಲಸ ನಿಂತಿತು, ಜೊತೆಗೆ ಅವನೂ ಹೊರಟರೆ ಮಗ್ಗವೂ ನಿಂತಿತು. 2017ರ ತಿದ್ದುಪಡಿಯಿಂದ 26 ವಾರಕ್ಕೆ ಏರಿದ ಹೆರಿಗೆ ರಜೆ ಸಂಘಟಿತ ವಲಯದ ನೌಕರಿಯವರಿಗೆ. ಮನೆಯ ಮಗ್ಗಕ್ಕೆ ರಜೆ ಕೊಡುವವರು ಯಾರು? ಇಂಥಲ್ಲಿ ಶೂನ್ಯ ಟಿಕೆಟ್ಟಿನ ಮಹತ್ವ ಹೇಳಹೋದರೆ ನೇಕಾರ ಹೆಣ್ಣುಮಗಳು ನಕ್ಕಾಳು. ಅವಳಿಗೆ ಬೇಕಾದದ್ದು ಓಣಿಯ ಅಂಗನವಾಡಿಯಲ್ಲೇ ಹೇಳಿದ ದಿನ, ಹೇಳಿದ ಹೊತ್ತಿಗೆ ಸೂಜಿ ಹಾಕುವವರು.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪ ತಾನಾಗಿ ಏಳುತ್ತದೆ: ಬಾಣಂತಿ ಹೊರಗೇ ಬೀಳಬಾರದೆನ್ನುವ ನಾಡಿನಲ್ಲಿ ಅವಳ ಪ್ರಯಾಣದ ಮಾತೇಕೆ? ಹೊರಸಿನ ಕೆಳಗೆ ಕೆಂಡ, ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ, ಊಟಕ್ಕೆ ಬಿಸಿ ಅನ್ನ ತುಪ್ಪ, ನಡುವೆ ಅಂಟಿನುಂಡೆ, ಅಳವಿ ಪಾಯಸ. ಉತ್ತರ ಕರ್ನಾಟಕದ ಬಾಣಂತನ ಇಂದಿಗೂ ಅವಳನ್ನು ಕೋಣೆಯೊಳಗೇ ಇಡುತ್ತದೆ. ಈ ಆಕ್ಷೇಪವನ್ನು ಮೌಢ್ಯವೆಂದು ತಳ್ಳಿಹಾಕಿದ ಸರ್ಕಾರ ಒಮ್ಮೆ ಪೆಟ್ಟು ತಿಂದಿದೆ. 2017ರ ಅಕ್ಟೋಬರ್ 2ರಂದು ರಾಜ್ಯಾದ್ಯಂತ ಶುರುವಾದ ಮಾತೃಪೂರ್ಣ ಯೋಜನೆ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ಕೊಡುವುದಾಗಿತ್ತು. ಊಟ ಚೆನ್ನಾಗಿತ್ತು, ಉದ್ದೇಶವೂ ಚೆನ್ನಾಗಿತ್ತು. ಅಂಗನವಾಡಿಗೆ ನಡೆದು ಬಂದು ಉಣ್ಣಬೇಕು ಎಂಬ ಒಂದೇ ಷರತ್ತಿಗೆ ಹಲವೆಡೆ ಬಾಣಂತಿಯರು ಬರಲೇ ಇಲ್ಲ. ಮನೆಗೆ ಒಯ್ಯಲು ಕೊಡಿ ಎಂಬ ಬೇಡಿಕೆ ಮೊದಲ ದಿನಗಳಿಂದಲೇ ಕೇಳಿಬಂತು. ಅದರಿಂದ ಕಲಿಯಬೇಕಾದ ಪಾಠ ಸ್ಪಷ್ಟ. ಬಾಣಂತಿಯನ್ನು ಸೇವೆಯ ಬಳಿಗೆ ಎಳೆಯುವ ಮೊದಲು, ಸೇವೆಯನ್ನು ಅವಳ ಬಳಿಗೆ ಒಯ್ಯಲಾಗುತ್ತದೆಯೇ ಎಂದು ನೋಡಬೇಕು. ಆಶಾ ಕಾರ್ಯಕರ್ತೆ ಆಸ್ಪತ್ರೆ ಹೆರಿಗೆಯ ನಂತರ ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡನೇ ದಿನ ಹೀಗೆ ಆರು ಸಲ ಮನೆಗೆ ಬರಬೇಕೆಂಬ ನಿಯಮ ಇರುವುದು ಇದಕ್ಕೇ. ಆಕೆ ತಕ್ಕಡಿಯಲ್ಲಿ ಕೂಸನ್ನು ತೂಗುತ್ತಾಳೆ, ಮೈ ಬಿಸಿ ನೋಡುತ್ತಾಳೆ, ಹಾಲು ಕುಡಿಯುತ್ತದೆಯೇ ಎಂದು ಕೇಳುತ್ತಾಳೆ. ಪ್ರಯಾಣದ ಅರ್ಧ ಸಮಸ್ಯೆ ಇಲ್ಲಿಗೆ ಮುಗಿಯಬೇಕು. ಆದರೆ ತೋಟದ ವಸ್ತಿಗಳ ನಡುವೆ ಈ ಆಶಾ ತಾನೇ ಹೇಗೆ ತಿರುಗುತ್ತಾಳೆ? ಅವಳಿಗೂ ಬಸ್ಸಿಲ್ಲ, ನಡಿಗೆಯೇ. ಬಾಣಂತಿಯ ಸಾರಿಗೆಯ ಮಾತನಾಡುವವರು ಆಶಾಳ ಓಡಾಟದ ಮಾತನ್ನು ಮರೆತರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು ತೊಡಕು ತವರಿನದು. ಚೊಚ್ಚಲ ಹೆರಿಗೆ ತವರಲ್ಲಿ. ಮುಧೋಳದಲ್ಲಿ ಕೊಟ್ಟವಳ ತವರು ಜಮಖಂಡಿಯ ಸಾವಳಗಿಯ ಕಡೆ ಇದ್ದರೆ ತಾಯಿ ಕಾರ್ಡು ಒಂದು ಉಪಕೇಂದ್ರದಲ್ಲಿ, ಹೆರಿಗೆ ಇನ್ನೊಂದು ತಾಲ್ಲೂಕಿನ ಆಸ್ಪತ್ರೆಯಲ್ಲಿ, ಬಾಣಂತನ ಮೂರನೆಯದೊಂದು ಊರಲ್ಲಿ. ಯಾವ ಆಶಾಳ ಪಟ್ಟಿಯಲ್ಲೂ ಅವಳ ಹೆಸರು ಸರಿಯಾಗಿ ಕೂರುವುದಿಲ್ಲ. ಹೊಸ ತಾಯಿಯ ಅತಿ ದೊಡ್ಡ ಬಸ್ ಪ್ರಯಾಣ ನಡೆಯುವುದೂ ತವರಿನಿಂದಲೇ: ಮೂರನೇ ತಿಂಗಳಿಗೋ ಐದನೇ ತಿಂಗಳಿಗೋ ಕೂಸು, ತೊಟ್ಟಿಲು, ಗಂಟುಗಳೊಂದಿಗೆ ಗಂಡನ ಮನೆಗೆ. ಇಲ್ಲಿ ಶಕ್ತಿ ನಿಜಕ್ಕೂ ಉಪಕಾರ ಮಾಡಿದೆ. ಅವಳು, ಅವಳವ್ವ, ಕಳಿಸಲು ಬಂದ ಚಿಕ್ಕಮ್ಮ, ಎಲ್ಲರಿಗೂ ಶೂನ್ಯ ಟಿಕೆಟ್ಟು. ಆದರೆ ತವರು ಗಡಿಯಾಚೆ ಇದ್ದರೆ? ಕನ್ನಡ ಮಾತಾಡುವ ಮನೆಗಳು ತುಂಬಿದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿಗೂ ಜಮಖಂಡಿ ಸೀಮೆಗೂ ಹೆಣ್ಣು ಕೊಟ್ಟು ತರುವ ಸಂಬಂಧ ಹಳೆಯದು. ಮಿರಜವಂತೂ ಈ ಭಾಗದವರಿಗೆ ತಲೆಮಾರುಗಳಿಂದ ಆಸ್ಪತ್ರೆಯ ಊರು; ದೊಡ್ಡ ಕಾಯಿಲೆ ಎಂದರೆ ಬಾಗಲಕೋಟೆಗಿಂತ ಮೊದಲು ಮಿರಜದ ಹೆಸರೆತ್ತುವ ಮನೆಗಳಿವೆ. ಶಕ್ತಿ ಯೋಜನೆಯ ಪುಕ್ಕಟೆ ರಾಜ್ಯದೊಳಗೆ ಮಾತ್ರ. 2023ರ ಮಾರ್ಚ್‌ನಿಂದ ಮಹಾರಾಷ್ಟ್ರ ತನ್ನ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ಟಿಕೆಟ್ಟು ಮಾಡಿದೆ. ಹೆಣ್ಣುಮಕ್ಕಳಿಗೆ ರಿಯಾಯಿತಿ ಬೇಕೆಂದು ಎರಡೂ ಸರ್ಕಾರಗಳು ಒಪ್ಪಿದರೂ ಗಡಿ ದಾಟುವ ಪ್ರಯಾಣಕ್ಕೆ ಅವುಗಳ ನಡುವೆ ಒಂದು ಒಪ್ಪಂದವಿಲ್ಲ.

ಸೇವೆಯನ್ನು ಮನೆಗೇ ಒಯ್ದರೂ ಆಗದ ಕೆಲಸಗಳಿವೆ, ಮತ್ತು ನನ್ನ ದೃಷ್ಟಿಯಲ್ಲಿ ಪುಕ್ಕಟೆ ಸಾರಿಗೆಯ ಅತ್ಯಂತ ಬಲವಾದ ವಾದ ಅಲ್ಲಿದೆ. ಕೂಸು ತೂಕ ಕಡಿಮೆಯಾಗಿ ಹುಟ್ಟಿತು, ಉಸಿರಾಟದ ತೊಂದರೆ ಎಂದುಕೊಳ್ಳಿ. ತಾಲ್ಲೂಕು ಆಸ್ಪತ್ರೆಯಿಂದ ಅದನ್ನು ಬಾಗಲಕೋಟೆಯ ನವನಗರದ ಜಿಲ್ಲಾಸ್ಪತ್ರೆಗೆ, ನವಜಾತ ಶಿಶುಗಳ ವಿಶೇಷ ಘಟಕಕ್ಕೆ ಕಳಿಸುತ್ತಾರೆ. ಕೂಸಿಗೆ ಆಂಬುಲೆನ್ಸ್ ಪುಕ್ಕಟೆ, ಚಿಕಿತ್ಸೆ ಪುಕ್ಕಟೆ. ತಾಯಿ? ಅವಳೂ ಹೊಲಿಗೆ ಹಾಕಿಸಿಕೊಂಡವಳು. ಹೆರಿಗೆಯಾದ ಆಸ್ಪತ್ರೆ ಅವಳನ್ನು ಮನೆಗೆ ಕಳಿಸಿದರೆ, ಕೂಸು ಒಂದು ಊರಲ್ಲಿ, ಎದೆಹಾಲು ಇನ್ನೊಂದು ಊರಲ್ಲಿ. ಎರಡು ಮೂರು ತಾಸಿಗೊಮ್ಮೆ ಹಾಲು ಬೇಡುವ ಕೂಸು ಅದು, ಅದರಲ್ಲೂ ತೂಕ ಕಡಿಮೆ ಇರುವ ಕೂಸಿಗೆ ತಾಯಿಯ ಹಾಲು ಔಷಧಕ್ಕಿಂತ ಮೇಲು. ದಿನಕ್ಕೊಮ್ಮೆ ಹೋಗಿ ಹಿಂಡಿ ಕೊಟ್ಟುಬರಲು ಮುಧೋಳ, ಲೋಕಾಪುರ ದಾಟಿ ಹೋಗುವ ಬಸ್ಸಿನಲ್ಲಿ ರಬಕವಿಯವಳಿಗೆ ದಿನವೇ ಮುಗಿಯುತ್ತದೆ. ಬೀಳಗಿಯವಳಿಗೆ ದಾರಿ ಅಷ್ಟು ದೂರವಲ್ಲ, ಆದರೂ ದಾರಿಯೇ. ಜೊತೆಗೆ ಬರುವ ಗಂಡನಿಗೆ ಪ್ರತಿದಿನ ಪೂರ್ಣ ಟಿಕೆಟ್ಟು. 2025ರ ಜನವರಿ 5ರಿಂದ ಆ ಟಿಕೆಟ್ಟು ನೂರಕ್ಕೆ 15 ಏರಿದೆ. ಹೆಂಡತಿಗೆ ಪುಕ್ಕಟೆ ಕೊಟ್ಟು ಅವಳನ್ನು ಕೈಹಿಡಿದು ಇಳಿಸುವವನಿಂದ ವಸೂಲು ಮಾಡಿದರೆ ಆ ಕುಟುಂಬಕ್ಕೆ ಉಳಿದದ್ದೇನು? ಇಂಥ ತಾಯಿಗೆ ಬಸ್ಸಿಗಿಂತಲೂ ಮೊದಲು ಕೊಡಬೇಕಾದದ್ದು ಕೂಸಿನ ಘಟಕದ ಪಕ್ಕದಲ್ಲೊಂದು ಮಂಚ ಮತ್ತು ಊಟ. ಮಂಚ ಸಿಗದಿದ್ದರೆ, ಸಿಗುವವರೆಗೆ, ಅವಳಿಗೂ ಜೊತೆಗಾರನಿಗೂ ದಾರಿ ಪುಕ್ಕಟೆಯಾಗಬೇಕು.

ಇನ್ನು ಹಣದ ಆಕ್ಷೇಪ. ಶಕ್ತಿಯಿಂದ ಸಾರಿಗೆ ನಿಗಮಗಳು ಸೊರಗಿವೆ, ಸರ್ಕಾರ ತುಂಬಿಕೊಡಬೇಕಾದ ದುಡ್ಡು ತಡವಾಗುತ್ತದೆ, ಬಸ್ಸುಗಳು ಕಿಕ್ಕಿರಿದಿವೆ, ಗಂಡಸರು ಬೆಲೆ ತೆರುತ್ತಿದ್ದಾರೆ. ಆದ್ದರಿಂದ ಎಲ್ಲ ಹೆಣ್ಣುಮಕ್ಕಳಿಗೂ ಕೊಡುವ ಬದಲು ನಿಜಕ್ಕೂ ಬೇಕಾದ ಗರ್ಭಿಣಿ, ಬಾಣಂತಿ, ವೃದ್ಧೆಯರಿಗಷ್ಟೇ ಕೊಡಿ ಎನ್ನುವವರಿದ್ದಾರೆ. ಈ ವಾದದ ಮೊದಲ ಅರ್ಧ ನಿಜ. ನಿಗಮಕ್ಕೆ ದುಡ್ಡು ಸಕಾಲಕ್ಕೆ ಸೇರದಿದ್ದರೆ ಹೊಸ ಬಸ್ಸು ಬರುವುದಿಲ್ಲ. ಮೊದಲು ರದ್ದಾಗುವುದು ತೋಟದ ಕ್ರಾಸಿನಲ್ಲಿ ನಿಲ್ಲುವ ಮುಂಜಾನೆಯ ಬಸ್ಸೇ, ಬೆಂಗಳೂರಿನ ಸ್ಲೀಪರ್ ಅಲ್ಲ. ಎರಡನೇ ಅರ್ಧವನ್ನು ಒಪ್ಪುವುದು ಕಷ್ಟ. ಬಾಣಂತಿಗೆ ಮಾತ್ರ ಎಂದ ಕೂಡಲೇ ಅವಳು ಬಾಣಂತಿ ಹೌದೋ ಅಲ್ಲವೋ ಎಂದು ಸಾಬೀತು ಮಾಡಬೇಕು. ಕಂಡಕ್ಟರ್ ಕೈಗೆ ತಾಯಿ ಕಾರ್ಡು ಕೊಡಬೇಕು, ಅವನು ಹೆರಿಗೆ ತಾರೀಖು ಎಣಿಸಬೇಕು. ಕಿಕ್ಕಿರಿದ ಬಸ್ಸಿನಲ್ಲಿ ಇದು ನಡೆಯುವ ಚಂದವನ್ನು ಯಾರಾದರೂ ಊಹಿಸಬಹುದು. ಹೆತ್ತ ಕೂಸನ್ನು ಕಳೆದುಕೊಂಡವಳ ಗತಿ ಇನ್ನೂ ಕಷ್ಟ. ಅವಳೂ ಬಾಣಂತಿಯೇ, ಅವಳ ಹೊಲಿಗೆಯೂ ಹಸಿ, ಅವಳಿಗೂ ನಂಜೇರಬಹುದು, ಎದೆಹಾಲು ಕಟ್ಟಿ ಜ್ವರ ಬರಬಹುದು. ಕಂಕುಳಲ್ಲಿ ಕೂಸಿಲ್ಲ ಎಂದು ಅವಳನ್ನು ಕೇಳುವ ಪ್ರಸಂಗವನ್ನು ಯಾವ ಯೋಜನೆಯೂ ತರಬಾರದು. ಎಲ್ಲರಿಗೂ ಕೊಡುವ ಯೋಜನೆಯ ದೊಡ್ಡ ಗುಣ ಅದು ಪ್ರಶ್ನೆ ಕೇಳುವುದಿಲ್ಲ ಎಂಬುದು. ಹಾಗೆಂದು ಶಕ್ತಿಯೊಂದನ್ನೇ ನಂಬಿ ಕೂರುವಂತಿಲ್ಲ. ಅದು ಸರ್ಕಾರದ ಆದೇಶದಿಂದ ಬಂದದ್ದು, ಕಾಯ್ದೆಯಿಂದಲ್ಲ, ಇನ್ನೊಂದು ಆದೇಶದಿಂದ ಹೋಗಬಹುದು. ಕಾಯ್ದೆಯಾದರೂ ಪೂರ್ತಿ ಸಿಗುತ್ತದೆಂಬ ಖಾತ್ರಿ ಇಲ್ಲ, ಆ ಮಾತು ಬೇರೆ: 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ತಾಯಂದಿರಿಗೆ ಕನಿಷ್ಠ 6,000 ರೂಪಾಯಿ ಎಂದು ಬರೆದಿಟ್ಟಿದೆ, ಮಾತೃ ವಂದನಾ ಯೋಜನೆ ಮೊದಲ ಮಗುವಿಗೆ ಕೊಡುತ್ತಿರುವುದು 5,000. ಶಕ್ತಿ ಎಂದಾದರೂ ಮೊಟಕಾದರೆ ಬಾಣಂತಿಯ ಪಾಲು ಕೊನೆಗೆ ಹೋಗಬೇಕು ಎಂಬುದನ್ನು ಈಗಲೇ ನಿಯಮದಲ್ಲಿ ಬರೆದಿಡುವುದು ಜಾಣತನ.

ಹೊರದೇಶಗಳು ಇದನ್ನು ಎರಡು ಬಗೆಯಲ್ಲಿ ನಿಭಾಯಿಸಿವೆ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಮಗುವನ್ನು ತಳ್ಳುಬಂಡಿಯಲ್ಲಿ ಕರೆತರುವ ದೊಡ್ಡವರಿಗೆ ಬಸ್ಸು, ಟ್ರಾಮು, ಮೆಟ್ರೊ ಪುಕ್ಕಟೆ. ಮನೆ ಮುಂದೆ ನಿಲ್ದಾಣವಿದ್ದು, ತಳ್ಳುಬಂಡಿ ಸಲೀಸಾಗಿ ಏರುವ ಬಸ್ಸಿರುವ ಊರಿಗೆ ಅದು ಸರಿ. ದಕ್ಷಿಣ ಕೊರಿಯಾದ ಸೋಲ್ ನಗರ 2022ರ ಜುಲೈನಿಂದ ಬೇರೆ ದಾರಿ ಹಿಡಿಯಿತು. ಗರ್ಭಿಣಿಯರಿಗೆ, ಹೆರಿಗೆಯಾದ ಕೆಲವು ತಿಂಗಳವರೆಗಿನ ತಾಯಂದಿರಿಗೂ ಸೇರಿಸಿ, ಏಳು ಲಕ್ಷ ವಾನ್ ಪ್ರಯಾಣ ವೆಚ್ಚ ಕೊಟ್ಟಿತು. ಅದನ್ನು ಬಸ್ಸಿಗೆ, ಮೆಟ್ರೊಗೆ ಮಾತ್ರವಲ್ಲ, ಟ್ಯಾಕ್ಸಿಗೆ, ಸ್ವಂತ ಕಾರಿನ ಇಂಧನಕ್ಕೂ ಬಳಸಬಹುದು. ಬಸ್ಸು-ಮೆಟ್ರೊ ಹಾಸುಹೊಕ್ಕಾದ ಆ ನಗರಕ್ಕೇ ಬಾಣಂತಿಗೆ ಬಸ್ಸು ಸಾಲದು ಎಂದು ಅನಿಸಿದ್ದು ಗಮನಿಸಬೇಕಾದದ್ದು. ಚಿಕ್ಕಪಡಸಲಗಿಗೆ ಹೆಲ್ಸಿಂಕಿಯ ಮಾದರಿಗಿಂತ ಸೋಲ್‌ನ ಮಾದರಿ ಹತ್ತಿರ. ಇಲ್ಲಿಯ ಟ್ಯಾಕ್ಸಿ ಎಂದರೆ ಟಂಟಂ; ತೋಟದ ವಸ್ತಿಯ ಬಾಗಿಲವರೆಗೂ ಬರುವ ಬಾಡಿಗೆ ವಾಹನ ಅದು. ನಮ್ಮಲ್ಲಿ ತಾಯಿಗೆ ರೊಕ್ಕ ಕೊಡುವ ಪದ್ಧತಿ ಇಲ್ಲದೆ ಇಲ್ಲ, ಆದರೆ ಅದರ ವೇಳೆ ತಿರುಗುಮುರುಗಾಗಿದೆ. ಮಾತೃ ವಂದನಾದ ಎರಡನೇ ಕಂತು 2,000 ರೂಪಾಯಿ ಬರುವುದು ಜನನ ನೋಂದಣಿಯಾಗಿ, ಹದಿನಾಲ್ಕನೇ ವಾರದವರೆಗಿನ ಲಸಿಕೆಗಳೆಲ್ಲ ಮುಗಿದ ಮೇಲೆ. ಲಸಿಕೆಗೆ ಓಡಾಡಲು ಬೇಕಾದ ದುಡ್ಡು ಓಡಾಟ ಮುಗಿದ ಮೇಲೆ ಕೈಗೆ ಬರುತ್ತದೆ. ಅದೂ ಬ್ಯಾಂಕು, ಆಧಾರಿನ ಗೊಂದಲವಿಲ್ಲದಿದ್ದರೆ. ಆ ಗೊಂದಲ ಬಿಡಿಸಲು ಮತ್ತೆರಡು ಸಲ ಬಸ್ಸು ಹತ್ತಬೇಕು.

ದುರುಪಯೋಗದ ಮಾತೂ ಏಳುತ್ತದೆ, ಅದನ್ನು ಬೇಗ ಮುಗಿಸಬಹುದು. ಬಾಣಂತಿ ಟಂಟಂನಲ್ಲಿ ಹೋಗಿಬರಲು ಸರ್ಕಾರ ಬಾಡಿಗೆ ತೆರುವ ಚೀಟಿ ಕೊಟ್ಟರೆ ಸುಳ್ಳು ಚೀಟಿ ಹುಟ್ಟುತ್ತವೆ ಎನ್ನುವುದು ಸುಳ್ಳಲ್ಲ. ಆದರೆ ಹೆರಿಗೆಗೆ ದಾಖಲೆ ಇದೆ, ಲಸಿಕೆಗೆ ದಾಖಲೆ ಇದೆ. ಬಂದು ಹೋದ ದಿನವನ್ನು ಆಸ್ಪತ್ರೆಯೇ ಬರೆಯುತ್ತದೆ. ಅದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯದು: ಸಾರಿಗೆ ಕೊಟ್ಟ ಮಾತ್ರಕ್ಕೆ ಬಾಣಂತಿ ಉಳಿಯುತ್ತಾಳೆಯೇ? ತಾಯಂದಿರ ಸಾವಿನ ಹಿಂದೆ ಮೂರು ವಿಳಂಬಗಳಿವೆ ಎಂದು 1994ರಲ್ಲಿ ಥಾಡಿಯಸ್ ಮತ್ತು ಮೇನ್ ಎಂಬ ಸಂಶೋಧಕಿಯರು ವಿಂಗಡಿಸಿ ತೋರಿಸಿದರು. ಆಸ್ಪತ್ರೆಗೆ ಹೋಗುವ ನಿರ್ಧಾರದಲ್ಲಿ ತಡ, ಮುಟ್ಟುವುದರಲ್ಲಿ ತಡ, ಮುಟ್ಟಿದ ಮೇಲೆ ತಕ್ಕ ಚಿಕಿತ್ಸೆ ಸಿಗುವುದರಲ್ಲಿ ತಡ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ; ಆದರೂ 2018-20ರ ಲೆಕ್ಕದಲ್ಲಿ ಪ್ರತಿ ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸಾಯುತ್ತಿದ್ದರು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಮಾಡಿಸಿಕೊಂಡ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡು, ಅವರಿಗೆ ಏರಿಸಿದ ದ್ರಾವಣದ ಮೇಲೆ ಸಂಶಯ ಬಂದದ್ದನ್ನು ರಾಜ್ಯ ಇನ್ನೂ ಮರೆತಿಲ್ಲ. ಅವರು ಆಸ್ಪತ್ರೆ ಮುಟ್ಟಿದ್ದರು. ಆದ್ದರಿಂದ ಸಾರಿಗೆಯಿಂದ ಏನಾಗುತ್ತದೆ ಎಂಬುದರ ಬಗ್ಗೆ ಹಮ್ಮು ಬೇಡ. ಅದು ಎರಡನೇ ವಿಳಂಬವನ್ನು ಕಡಿಮೆ ಮಾಡುತ್ತದೆ. ವಾಹನದ ಖರ್ಚಿಗೆ ಅಂಜಿ ನಾಳೆ ಹೋದರಾಯಿತು ಎನ್ನುವ ಮನೆಗಳಲ್ಲಿ ಮೊದಲನೆಯದನ್ನೂ ಸ್ವಲ್ಪ ಕಡಿಮೆ ಮಾಡುತ್ತದೆ. ಮೂರನೆಯದನ್ನು ಮುಟ್ಟುವುದೇ ಇಲ್ಲ.

ಅದೇ ಸಮೀಕ್ಷೆಯ ಇನ್ನೆರಡು ಅಂಕಿಗಳು ಮುಂದಿನ ದಾರಿ ತೋರಿಸುತ್ತವೆ. ರಾಜ್ಯದಲ್ಲಿ ಸುಮಾರು ಮೂರರಲ್ಲಿ ಒಂದು ಹೆರಿಗೆ ಖಾಸಗಿ ಆಸ್ಪತ್ರೆಯಲ್ಲಿ. ಹತ್ತಿರ ಹತ್ತಿರ ಅಷ್ಟೇ ಪ್ರಮಾಣದಲ್ಲಿ, ನೂರಕ್ಕೆ 31ರ ಮೇಲೆ, ಸಿಸೇರಿಯನ್. ಖಾಸಗಿಯಲ್ಲಿ ಹೆತ್ತವಳಿಗೆ ನಗು-ಮಗು ಇಲ್ಲ. ಖಾಸಗಿ ಎಂದರೆ ಉಳ್ಳವರು ಎಂಬ ಎಣಿಕೆ ಈ ಪೇಟೆಗಳಲ್ಲಿ ನಡೆಯುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಅಂದು ತಜ್ಞರಿಲ್ಲ ಎಂದು ಸಾಲ ಮಾಡಿ ಖಾಸಗಿಗೆ ಸೇರಿಸಿದವರೇ ಹೆಚ್ಚು ಬಸವಳಿದಿರುತ್ತಾರೆ. ಬಾಣಂತಿಯ ವಾಹನದ ಹಕ್ಕು ಅವಳ ಮೈಯ ಸ್ಥಿತಿಯಿಂದ ಬರಬೇಕು, ಎಲ್ಲಿ ಹೆತ್ತಳು ಎಂಬುದರಿಂದಲ್ಲ. ಮನೆಗೆ ಬಿಡುವ ಒಂದು ಪ್ರಯಾಣದ ಜೊತೆಗೆ ಆರು ವಾರದೊಳಗೆ ಇನ್ನೊಂದೆರಡು ಪ್ರಯಾಣ, ಹೊಲಿಗೆ ನೋಡಿಸಲು ಮತ್ತು ಜ್ವರವೋ ರಕ್ತಸ್ರಾವವೋ ಕಂಡಾಗ, ನಗು-ಮಗುವಿನಲ್ಲಿ ಇಲ್ಲವೇ ಆಶಾ ಸಹಿ ಮಾಡಿದ ಚೀಟಿಯ ಮೇಲೆ ಟಂಟಂನಲ್ಲಿ ಸಿಗಬೇಕು. ಬಸ್ಸಿಗೆ ಸಂಬಂಧಿಸಿದಂತೆ ಬೇಕಾದದ್ದು ಇನ್ನೂ ಅಗ್ಗ. ಕೂಸು ಎತ್ತಿಕೊಂಡ ಹೆಣ್ಣುಮಗಳು ಕೈ ತೋರಿಸಿದ ತೋಟದ ಕ್ರಾಸಿನಲ್ಲೆಲ್ಲ ಸಾಮಾನ್ಯ ಬಸ್ಸು ನಿಲ್ಲಬೇಕು; ಶೂನ್ಯ ಟಿಕೆಟ್ಟು ಬಂದ ಮೇಲೆ ಹೆಂಗಸರೇ ನಿಂತ ಸ್ಟಾಪುಗಳಲ್ಲಿ ಬಸ್ಸು ನಿಲ್ಲಿಸದೆ ಹೋಗುತ್ತಾರೆಂಬ ದೂರು ರಾಜ್ಯದ ಎಲ್ಲ ಕಡೆ ಕೇಳಿಬಂದಿರುವಾಗ ಈ ಒಂದು ಸೂಚನೆ ಶಕ್ತಿಯಷ್ಟೇ ಬೆಲೆಯುಳ್ಳದ್ದು. ಚಾಲಕನ ಹಿಂದಿನ ಒಂದು ಸೀಟು ಗರ್ಭಿಣಿ-ಬಾಣಂತಿಗೆಂದು ಮೀಸಲಿರಲಿ, ಮೀಸಲೆಂದರೆ ಕೂತವರನ್ನು ಕಂಡಕ್ಟರ್ ಎಬ್ಬಿಸಲೇಬೇಕು ಎಂಬ ಅರ್ಥದಲ್ಲಿ.

ಕಡೆಯದಾಗಿ, ಶಕ್ತಿಯ ಲೆಕ್ಕದಲ್ಲೇ ಇಲ್ಲದ ಒಬ್ಬಳಿದ್ದಾಳೆ. ಹಂಗಾಮು ಬಂತೆಂದರೆ ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಗಂಡ-ಹೆಂಡತಿ ಜೋಡಿಯಾಗಿ ಈ ಸೀಮೆಗೂ ಬಂದಿಳಿಯುತ್ತವೆ. ಗಾಣದ ಹೊತ್ತಿಗೆ ಕಬ್ಬು ಮುಟ್ಟಬೇಕು. ಬಸುರಿಯೂ ಕಡಿಯುತ್ತಾಳೆ, ಹೆತ್ತವಳೂ ಬೇಗ ಕೊಯ್ತಿ ಹಿಡಿಯುತ್ತಾಳೆ, ಕೂಸು ಬದುವಿನ ಮೇಲಿನ ಜೋಳಿಗೆಯಲ್ಲಿ. ಶಕ್ತಿ ಕರ್ನಾಟಕದ ನಿವಾಸಿಗಳಿಗೆ ಮಾತ್ರ. ಇವಳ ಆಧಾರಿನಲ್ಲಿರುವುದು ಮಹಾರಾಷ್ಟ್ರದ ವಿಳಾಸ, ಹಾಗಾಗಿ ಲಸಿಕೆಗೆ ಹೊರಟರೆ ಕಂಡಕ್ಟರ್ ಪೂರ್ಣ ಟಿಕೆಟ್ಟು ಹರಿಯಬೇಕಾಗುತ್ತದೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಯಾವ ರಾಜ್ಯದವಳು ಎಂದು ಕೇಳುವುದಿಲ್ಲ, ಹೆರುತ್ತಿದ್ದಾಳೆಯೇ ಎಂದಷ್ಟೇ ಕೇಳುತ್ತದೆ. ಶಕ್ತಿಯ ಆದೇಶಕ್ಕೆ ಹೆರಿಗೆಯ ಮುಂಚಿನ ಮೂರು ತಿಂಗಳು, ನಂತರದ ಒಂದು ವರ್ಷ ಯಾವ ರಾಜ್ಯದ ಹೆಣ್ಣುಮಗಳಿಗಾದರೂ ಅನ್ವಯಿಸುತ್ತದೆ ಎಂಬ ಒಂದು ಸಾಲು ಸೇರಿಸಲು ಹೆಚ್ಚು ದುಡ್ಡು ಬೇಕಿಲ್ಲ. ಇವಳು ಕಡಿದ ಕಬ್ಬಿನ ಸಕ್ಕರೆಗೆ ಸರ್ಕಾರ ತೆರಿಗೆ ತೆಗೆದುಕೊಳ್ಳುವಾಗ ಅವಳ ವಿಳಾಸವನ್ನೇನೂ ಕೇಳಿಲ್ಲ.